ಜಾತಿ ಕೇಳಿ ರೋಗ ಊಹಿಸಬೇಡಿ, ರಕ್ತ ನೋಡಿ ಹೇಳಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಹಾಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ,

ವಿಷಯ: ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಆನುವಂಶಿಕ ಕಾಯಿಲೆಗಳ ತಪಾಸಣೆ ಮತ್ತು ಅಧ್ಯಯನದ ಬಗ್ಗೆ.

ಮಾನ್ಯರೇ,

ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಿಜ್ಞಾನ ಶಿಕ್ಷಕಿ. ಪ್ರತಿ ವರ್ಷ ಮಕ್ಕಳಿಗೆ ಮೆಂಡಲ್‌ನ ಬಟಾಣಿ ಗಿಡದ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರೆದು, ಎತ್ತರದ ಗಿಡ ಎಷ್ಟು, ಕುಳ್ಳ ಗಿಡ ಎಷ್ಟು ಎಂದು ಕೇಳುತ್ತೇನೆ. ಅದೇ ಚೌಕ ನನ್ನ ತಂಗಿಯ ಮನೆಗೆ ಬಂದು ಕೂತಿತು. ಆಗ ಅದನ್ನು ಗುರುತಿಸಲು ನಮಗೆ ಆರು ತಿಂಗಳು ಬೇಕಾಯಿತು. ಆ ಆರು ತಿಂಗಳ ಕಥೆಯನ್ನೇ ಮೊದಲು ಹೇಳುತ್ತೇನೆ.

ತಂಗಿಯ ಮಗಳಿಗೆ ಈಗ ಏಳು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ಮೈ ಬಿಳಿಚಿಕೊಂಡಿತು. ಹಾಲು ಕುಡಿಯುತ್ತಿರಲಿಲ್ಲ, ಹೊಟ್ಟೆ ಉಬ್ಬುತ್ತಿತ್ತು. ನಮ್ಮ ಭಾಗದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ರಕ್ತ ಕಡಿಮೆ" ಎಂದು ಕಬ್ಬಿಣದ ಸಿರಪ್ ಬರೆದರು. ಎರಡು ತಿಂಗಳ ಮೇಲೆ ಮತ್ತೆ ಹೋದೆವು. ಮತ್ತೆ ಅದೇ ಸಿರಪ್. ಮೂರನೇ ಸಲ ನಾನೇ ಬಾಯಿಬಿಟ್ಟು ಕೇಳಿದೆ, "ಸರ್, ಥಲಸ್ಸೇಮಿಯಾ ಇರಬಹುದಾ?" ಡಾಕ್ಟರ್ ನನ್ನ ಮುಖ ನೋಡಿದರು. "ನೀವು ಯಾವ ಮಂದಿ?" ಎಂದು ಕೇಳಿದರು. ಹೇಳಿದೆ. "ಅದು ಸಿಂಧಿ, ಪಂಜಾಬಿ ಮಂದ್ಯಾಗ ಬರೋದು ಟೀಚರ್. ನಿಮ್ಮಾಗ ಇರಲ್ಲ ಬಿಡ್ರಿ" ಎಂದರು. ಸಿರಪ್ ಮುಂದುವರಿಯಿತು.

ಕೊನೆಗೆ ಬೇರೆ ಒಬ್ಬ ಡಾಕ್ಟರ್ ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಬೀಟಾ ಥಲಸ್ಸೇಮಿಯಾ ಮೇಜರ್ ಎಂದು ಉತ್ತರ ಬಂತು. ತಂದೆ ತಾಯಿ ಇಬ್ಬರೂ ಗುಟ್ಟಾಗಿ ಹೊತ್ತ ಜೀನ್ ದೋಷ ಮಗುವಿನಲ್ಲಿ ಸೇರಿ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ ಅದು.

ಈ ಕಾಯಿಲೆಯ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಒಂದು ಚೀಲ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಗೆ ಸೇರುತ್ತದೆ. ಅದನ್ನು ಹೊರಹಾಕಲು ನಮ್ಮ ದೇಹಕ್ಕೆ ದಾರಿಯೇ ಇಲ್ಲ. ಅದು ಹೃದಯಕ್ಕೆ, ಪಿತ್ತಜನಕಾಂಗಕ್ಕೆ, ಗ್ರಂಥಿಗಳಿಗೆ ಕೂರುತ್ತದೆ. ಅದನ್ನು ತೆಗೆಯಲು ದಿನಾ ಮಾತ್ರೆ ನುಂಗಬೇಕು. ಅಂಥ ಮಗುವಿಗೆ ನಾವು ಆರು ತಿಂಗಳು ಚಮಚ ಚಮಚ ಕಬ್ಬಿಣ ಕುಡಿಸಿದ್ದೆವು. ಅದನ್ನು ಕುಡಿಸಿದ ಕೈ ನನ್ನ ತಂಗಿಯದು. ಅವಳು ಇವತ್ತಿಗೂ ಅದನ್ನು ಮರೆತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ರಿಪೋರ್ಟ್ ಹಿಡಿದು ಹೋದಾಗ ಹಳೆಯ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಮಾತು, "ಒಳಗ ಕೊಟ್ಟೀರೇನು? ಅಕ್ಕನ ಮಗಳಾ?" ಅಲ್ಲ ಎಂದೆವು. ನಂಬಲಿಲ್ಲ. "ಸುಮ್ನೆ ಮುಚ್ಚಿಡಬೇಡ್ರಿ" ಎಂದು ನರ್ಸ್ ಕೂಡ ಹೇಳಿದರು. ತಂಗಿ ಮಾನವಿ ಕಡೆಯವಳು, ಅಳಿಯ ಲಿಂಗಸುಗೂರು ಕಡೆಯವನು. ಎರಡೂ ಮನೆಗೆ ಏಳು ತಲೆಮಾರಲ್ಲಿ ಕೊಡುಕೊಳ್ಳುವಿಕೆ ಇಲ್ಲ. ಬೆಡಗು, ಅಂದರೆ ವಂಶದ ಕವಲು, ಬೇರೆ ಎಂದು ಹಿರಿಯರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಮದುವೆ ಮಾಡಿದ್ದರು.

ಅಂದರೆ, ಒಂದೇ ಆಸ್ಪತ್ರೆ ನಮ್ಮನ್ನು ಎರಡು ಸಲ ಜಾತಿ, ಸಂಬಂಧ ನೋಡಿ ಅಳೆಯಿತು. ಎರಡು ಸಲವೂ ತಪ್ಪಾಯಿತು. ಮೊದಲ ಸಲ ಪರೀಕ್ಷೆ ತಪ್ಪಿತು. ಎರಡನೇ ಸಲ ಮಾನ ಹೋಯಿತು.

ನಮ್ಮ ಜಾತಿ ಯಾವುದು ಎಂದು ಈ ಪತ್ರದಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದು ಆ ಜಾತಿಯ ರೋಗವಾಗಿಬಿಡುತ್ತದೆ.

ಮಾನ್ಯರೇ, ಜಾತಿಗೂ ಕಾಯಿಲೆಗೂ ಸಂಬಂಧವೇ ಇಲ್ಲ ಎಂದು ನಾನು ವಾದ ಮಾಡುತ್ತಿಲ್ಲ. ಸಂಬಂಧ ಇದೆ. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವಿಜ್ಞಾನಿಗಳು ಅಮೆರಿಕದವರ ಜೊತೆ ಸೇರಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಡಿಎನ್‌ಎ ನೋಡಿದ್ದರು. ಅವುಗಳಲ್ಲಿ 81 ಸಮುದಾಯಗಳು ಬಹಳ ಕಡಿಮೆ ಮೂಲಪುರುಷರಿಂದ ಬೆಳೆದು ಬಂದವು. ಆಮೇಲೆ ಸಾವಿರಾರು ವರ್ಷ ತಮ್ಮ ತಮ್ಮಲ್ಲೇ ಕೊಟ್ಟು ತಂದುಕೊಂಡವು. ಹೀಗಾದಾಗ ಆ ಮೂಲದವರಲ್ಲಿ ಯಾರೋ ಒಬ್ಬರಿಗೆ ಇದ್ದ ಜೀನ್ ದೋಷ ಇವತ್ತು ಸಾವಿರಾರು ಜನರಲ್ಲಿ ಗುಪ್ತವಾಗಿ ಕೂತಿರುತ್ತದೆ. ಆ 81ರಲ್ಲಿ 14 ಸಮುದಾಯಗಳ ಜನಸಂಖ್ಯೆ 10 ಲಕ್ಷಕ್ಕಿಂತ ಜಾಸ್ತಿ. ಲಕ್ಷಗಟ್ಟಲೆ ಮಂದಿ ಇದ್ದಾರೆ, ನಮ್ಮದು ದೊಡ್ಡ ಸಮಾಜ ಎಂದುಕೊಂಡರೂ ಬೇರು ಸಣ್ಣದೇ ಇರಬಹುದು.

ಬೆಡಗು ಬೇರೆ ಇದ್ದರೂ ನನ್ನ ತಂಗಿಯ ಮನೆಯಲ್ಲಿ ಇದಾಗಲು ಕಾರಣ ಇಲ್ಲೇ ಇರಬಹುದು. ಅಕ್ಕನ ಮಗಳು, ಸೋದರತ್ತೆ ಮಗ, ಮಾವನ ಮಗಳು ಎಂದು ಕೊಟ್ಟು ತರುವುದು ನಮ್ಮ ಕಡೆ ಬಹಳ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ತುಸು ಜಾಸ್ತಿ ಹೀಗೆ ರಕ್ತಸಂಬಂಧದಲ್ಲೇ ಆಗಿವೆ. ಅದರಿಂದ ಅಪಾಯ ಹೆಚ್ಚುತ್ತದೆ, ಅದು ನಿಜ. ಆದರೆ ದೂರದ ಊರಿನ, ಬೇರೆ ಬೆಡಗಿನ ಮನೆಯಲ್ಲೂ ಅಪಾಯ ಇರಬಹುದು ಎಂದು ನಮ್ಮ ಆಸ್ಪತ್ರೆಗಳಲ್ಲಿ ಯಾರೂ ಹೇಳುವುದಿಲ್ಲ. "ಒಳಗೆ ಕೊಟ್ಟಿಲ್ಲ ಅಂದರೆ ಏನೂ ಆಗಲ್ಲ" ಎಂಬ ಧೈರ್ಯ ಊರೂರಲ್ಲಿ ಇದೆ. ಅದು ಸುಳ್ಳು ಧೈರ್ಯ.

2017ರ ಆ ಡಿಎನ್‌ಎ ಅಧ್ಯಯನದಲ್ಲಿ ಬರುವ ಒಂದು ಉದಾಹರಣೆ ಬಳ್ಳಾರಿ, ರಾಯಚೂರಿನ ಪೇಟೆಯವರಿಗೆ ಹತ್ತಿರದ್ದು. ಆಪರೇಷನ್‌ಗೆ ಮುಂಚೆ ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ಮಾಂಸಖಂಡಗಳನ್ನು ಸಡಿಲ ಮಾಡುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅದನ್ನು ಕರಗಿಸುವ ಕಿಣ್ವ ಕಡಿಮೆ ಇದ್ದವರಿಗೆ ಗಂಟೆಗಟ್ಟಲೆ ಉಸಿರಾಡಲು ಆಗುವುದಿಲ್ಲ, ವೆಂಟಿಲೇಟರ್ ಬೇಕಾಗುತ್ತದೆ. ಈ ಕೊರತೆ ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ಬಹಳ ಜಾಸ್ತಿ. ಇದನ್ನು ತಿಳಿದ ಅರಿವಳಿಕೆ ಡಾಕ್ಟರ್‌ಗಳು ಆ ಸಮುದಾಯದವರಿಗೆ ಬೇರೆ ಔಷಧಿ ಬಳಸುತ್ತಾರೆ. ಇಲ್ಲಿ ಸಮುದಾಯ ಕೇಳಿದ್ದರಿಂದ ಜೀವ ಉಳಿಯುತ್ತದೆ. ನಮ್ಮ ಮಗುವಿನ ವಿಷಯದಲ್ಲಿ ಸಮುದಾಯ ಕೇಳಿದ್ದರಿಂದ ಪರೀಕ್ಷೆ ನಿಂತಿತು. ಒಂದು ಕಡೆ ಸಮುದಾಯದ ಹೆಸರು ಕೇಳಿ ಎಚ್ಚರ ವಹಿಸಿದರು. ಇನ್ನೊಂದು ಕಡೆ ಹೆಸರು ಕೇಳಿ ಬಾಗಿಲು ಹಾಕಿದರು. ನಾನು ಬೇಡುತ್ತಿರುವುದು ಮೊದಲನೆಯದನ್ನು.

ಬಾಗಿಲು ಹಾಕುವ ತಪ್ಪು ನಮ್ಮೂರಿನದು ಮಾತ್ರ ಅಲ್ಲ. 1910ರಲ್ಲಿ ಷಿಕಾಗೋದ ಡಾಕ್ಟರ್ ಜೇಮ್ಸ್ ಹೆರಿಕ್ ಕುಡಗೋಲಿನ ಆಕಾರದ ರಕ್ತಕಣಗಳ ಬಗ್ಗೆ ಮೊದಲ ಬಾರಿ ಬರೆದರು. ರೋಗಿ ಗ್ರೆನಡಾ ದ್ವೀಪದಿಂದ ಓದಲು ಬಂದಿದ್ದ ಒಬ್ಬ ಕಪ್ಪು ಯುವಕ. ಅಲ್ಲಿಂದ ಮುಂದೆ ಸಿಕಲ್ ಸೆಲ್ ಎಂಬ ಈ ರಕ್ತದ ಕಾಯಿಲೆ ಕಪ್ಪು ಜನರದ್ದು ಎಂದು ಅಮೆರಿಕದ ವೈದ್ಯರು ತೀರ್ಮಾನ ಮಾಡಿಬಿಟ್ಟರು. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬುವರು ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ ಅದನ್ನು ಕಂಡರು. ಗ್ರೀಸ್‌ನಲ್ಲೂ ಇದೆ, ಅರಬ್ ನಾಡಿನಲ್ಲೂ ಇದೆ. ಆ ಜೀನ್‌ಗೂ ಚರ್ಮದ ಬಣ್ಣಕ್ಕೂ ಸಂಬಂಧ ಇಲ್ಲ. ಸಂಬಂಧ ಇರುವುದು ಮಲೇರಿಯಾಕ್ಕೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಆ ಜೀನ್ ಬಂದವರಿಗೆ ಮಲೇರಿಯಾದಿಂದ ಸಾವು ಕಡಿಮೆ, ಹಾಗಾಗಿ ಸೊಳ್ಳೆ ಇದ್ದ ನಾಡುಗಳಲ್ಲಿ ಅದು ಉಳಿದುಕೊಂಡಿತು. ಥಲಸ್ಸೇಮಿಯಾ ಕಥೆಯೂ ಇದೇ.

1970ರ ದಶಕದಲ್ಲಿ ಅಮೆರಿಕದಲ್ಲಿ ಎರಡು ತಪಾಸಣೆಗಳು ಹೆಚ್ಚುಕಡಿಮೆ ಒಟ್ಟಿಗೇ ನಡೆದವು. ಇದನ್ನು ನೀವು ಗಮನವಿಟ್ಟು ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ಯಾಕೆಂದರೆ ನಮ್ಮ ಮುಂದೆಯೂ ಅದೇ ಎರಡು ದಾರಿಗಳಿವೆ.

ಒಂದು, ಸಿಕಲ್ ಸೆಲ್ ತಪಾಸಣೆ. ಹಲವು ರಾಜ್ಯಗಳು ಕಪ್ಪು ಜನರಿಗೆ ಅದನ್ನು ಕಡ್ಡಾಯ ಮಾಡಿದವು. ಕಾಯಿಲೆ ಇರುವವರು ಯಾರು, ಬರೀ ಜೀನ್ ಹೊತ್ತವರು ಯಾರು ಎಂಬ ವ್ಯತ್ಯಾಸವನ್ನೂ ಜನಕ್ಕೆ ಸರಿಯಾಗಿ ಹೇಳಲಿಲ್ಲ. ಸಲಹೆ ಕೊಡುವವರು ಇರಲಿಲ್ಲ. ಫಲಿತಾಂಶ ಗುಟ್ಟಾಗಿ ಉಳಿಯಲಿಲ್ಲ. ಆರೋಗ್ಯವಾಗಿದ್ದವರು ಕೂಡ ಕೆಲಸ, ವಿಮೆ ಕಳೆದುಕೊಂಡರು. ಈ ಕಾಯಿಲೆ ಒಂದು ಅಣುವಿನ ದೋಷ ಎಂದು 1949ರಲ್ಲಿ ತೋರಿಸಿಕೊಟ್ಟ ಲೈನಸ್ ಪೌಲಿಂಗ್ ಅವರೇ, ಜೀನ್ ಹೊತ್ತವರ ಹಣೆಯ ಮೇಲೆ ಹಚ್ಚೆ ಹಾಕಬೇಕು ಎಂದು ಒಮ್ಮೆ ಬರೆದಿದ್ದರು. ಅಷ್ಟು ದೊಡ್ಡ ವಿಜ್ಞಾನಿ!

ಇನ್ನೊಂದು, ಟೇ-ಸ್ಯಾಕ್ಸ್ ತಪಾಸಣೆ. ಯೂರೋಪಿನಿಂದ ಬಂದ ಯಹೂದಿಗಳಲ್ಲಿ ಜಾಸ್ತಿ ಇದ್ದ ಕಾಯಿಲೆ ಅದು, ಮಕ್ಕಳು ನಾಲ್ಕೈದು ವರ್ಷಕ್ಕೇ ತೀರಿಹೋಗುತ್ತಿದ್ದರು. 1971ರಲ್ಲಿ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ಭಾಗದಲ್ಲಿ ತಪಾಸಣೆ ಶುರುವಾಯಿತು. ಮೊದಲು ಸಮುದಾಯದ ಹಿರಿಯರ ಜೊತೆ, ಧರ್ಮಗುರುಗಳ ಜೊತೆ ಮಾತಾಡಿದರು. ಅವರ ಪ್ರಾರ್ಥನಾ ಮಂದಿರಗಳಲ್ಲೇ ರಕ್ತ ತೆಗೆದರು. ಯಾರನ್ನೂ ಬಲವಂತ ಮಾಡಲಿಲ್ಲ. ಆ ಸಮುದಾಯದಲ್ಲಿ ಟೇ-ಸ್ಯಾಕ್ಸ್ ಮಕ್ಕಳ ಜನನ ಶೇ 90ಕ್ಕಿಂತ ಹೆಚ್ಚು ಕಡಿಮೆಯಾಯಿತು. ಆಮೇಲೆ 1980ರ ದಶಕದಲ್ಲಿ ನ್ಯೂಯಾರ್ಕಿನ ಒಬ್ಬ ಧರ್ಮಗುರು, ಜೋಸೆಫ್ ಎಕ್‌ಸ್ಟೈನ್, ಡೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಈ ಕಾಯಿಲೆಯಿಂದ ಅವರು ತಮ್ಮ ಸ್ವಂತ ಮಕ್ಕಳನ್ನೇ ಕಳೆದುಕೊಂಡಿದ್ದರು. ಅಲ್ಲಿ ಹುಡುಗ ಹುಡುಗಿಯರ ರಕ್ತ ಪರೀಕ್ಷೆ ಮಾಡಿ ಒಂದು ನಂಬರ್ ಕೊಡುತ್ತಾರೆ, ಅಷ್ಟೇ. ನಿನಗೆ ಜೀನ್ ಇದೆ, ಇಲ್ಲ ಎಂದು ಹೇಳುವುದಿಲ್ಲ. ಸಂಬಂಧ ಕುದುರುವಾಗ ಎರಡೂ ನಂಬರ್ ಕೊಟ್ಟು ಕೇಳಬೇಕು. ಇಬ್ಬರಲ್ಲೂ ಒಂದೇ ದೋಷ ಇದ್ದರೆ ಮಾತ್ರ ತಿಳಿಸುತ್ತಾರೆ. ಯಾರ ಮನೆತನಕ್ಕೂ ಕಪ್ಪು ಚುಕ್ಕೆ ಇಲ್ಲ. ನಮ್ಮಲ್ಲಿ ಕುಂಡಲಿ ನೋಡದೆ ಮಾತು ಮುಂದುವರಿಯದ ಮನೆಗಳು ಎಷ್ಟಿವೆ! ಅದರ ಪಕ್ಕದಲ್ಲಿ ಇದೊಂದು ನಂಬರ್ ಇಟ್ಟರೆ ಭಾರವಾಗುವುದಿಲ್ಲ, ಅಲ್ವಾ?

ಹೆಸರು ಅಂಟುವ ನೋವು ನಮ್ಮ ರಾಜ್ಯಕ್ಕೂ ಗೊತ್ತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೂಳೆ, ಕೀಲು ಸವೆಯುವ ಕಾಯಿಲೆ ಬೆಳಕಿಗೆ ಬಂತು. ಬಡ ಕೂಲಿ ಸಮುದಾಯಗಳ ಜನ ನಡೆಯಲಾಗದೆ ನೆಲ ಹಿಡಿದರು. ಗದ್ದೆಯ ಏಡಿ ತಿಂದಿದ್ದಕ್ಕೆ ಎಂದೂ ಹೇಳಿದರು. ಅದು ವಂಶದಲ್ಲಿ ಬರುವ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಆ ಊರಿನ ಹೆಸರೇ ರೋಗದ ಹೆಸರಾಗಿತ್ತು.

ಇನ್ನು ಸಂಶೋಧನೆಯ ಮಾತು. ಜೀನ್ ಮತ್ತು ಕಾಯಿಲೆಯ ನಂಟು ಹುಡುಕುವ ದೊಡ್ಡ ಅಧ್ಯಯನಗಳಲ್ಲಿ ಭಾಗವಹಿಸಿದವರ ಲೆಕ್ಕ 2016ರಲ್ಲಿ ಬಂತು. 100ರಲ್ಲಿ 81 ಜನ ಯೂರೋಪ್ ಮೂಲದವರು. ಹಾಗಾಗಿ ಯಾವುದು ಸಹಜ, ಯಾವುದು ದೋಷ ಎನ್ನುವ ಅಳತೆಗೋಲೇ ಅವರ ಮೈಯಿಂದ ಬಂದದ್ದು. ಅದೇ ವರ್ಷ ಅಮೆರಿಕದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ನಿಮಗಿದೆ ಎಂದು ಕೆಲವು ಕಪ್ಪು ಜನರಿಗೆ ಜೀನ್ ಪರೀಕ್ಷೆ ನೋಡಿ ಹೇಳಿದ್ದರು. ಆ ಜೀನ್ ಬದಲಾವಣೆ ನಿರುಪದ್ರವಿ, ಕಪ್ಪು ಜನರಲ್ಲಿ ಸಾಮಾನ್ಯ. ಹೋಲಿಸಿ ನೋಡಿದ ಗುಂಪಿನಲ್ಲಿ ಕಪ್ಪು ಜನ ಸಾಕಷ್ಟು ಇರಲಿಲ್ಲ, ಅದಕ್ಕೇ ಅದು ರೋಗದ ಹಾಗೆ ಕಂಡಿತ್ತು. ಇದಕ್ಕೆ ಉಲ್ಟಾ ಉದಾಹರಣೆ ನಮ್ಮದೇ ಇದೆ. ಹೃದಯದ ಸ್ನಾಯು ದುರ್ಬಲವಾಗಲು ಕಾರಣವಾಗುವ ಒಂದು ಜೀನ್ ಕೊರತೆ ನಮ್ಮ ಉಪಖಂಡದ 100ರಲ್ಲಿ ಸುಮಾರು 4 ಜನರಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ಇಲ್ಲಿನ ಜನರನ್ನು ನೋಡಿದ್ದರಿಂದ ಅದು ಸಿಕ್ಕಿತು.

ಜೀನೋಮ್ ಇಂಡಿಯಾ ಯೋಜನೆ ಬಗ್ಗೆ ನನಗೆ ಹೆಮ್ಮೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ ಅದು ನಡೆಯಿತು. 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದರು. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಆದರೆ ಭಾರತದ ಮಾನವಶಾಸ್ತ್ರ ಸರ್ವೇಕ್ಷಣೆ ಎಣಿಸಿದ ಸಮುದಾಯಗಳು 4,635. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲೇ 101 ಹೆಸರುಗಳಿವೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 50. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಎಸ್‌ಸಿ, ಎಸ್‌ಟಿ, ಒಬಿಸಿ, ಜನರಲ್ ಎಂಬ ನಾಲ್ಕೇ ಖಾನೆ. ಆ ಖಾನೆಗಳು ಮೀಸಲಾತಿಗೆ, ಸೌಲಭ್ಯಕ್ಕೆ ಬೇಕು. ರಕ್ತದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ನಮ್ಮ ತಾಲ್ಲೂಕನ್ನೇ ನೋಡಿ. ತುಂಗಭದ್ರಾ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿದರು. ತಾಂಡಾಗಳಿವೆ, ಬೇಡರ ಓಣಿಗಳಿವೆ, ಮುಸ್ಲಿಂ ಓಣಿಗಳಿವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ನೆಲೆಸಿವೆ, ಅವರ ಮೊಮ್ಮಕ್ಕಳು ನಮ್ಮ ಹಾಗೇ ಕನ್ನಡ ಮಾತಾಡುತ್ತಾರೆ. ಬಂಗಾಳ ಮತ್ತು ಈಶಾನ್ಯ ಭಾಗದಲ್ಲಿ ಹಿಮೋಗ್ಲೋಬಿನ್ ಇ ಎಂಬ ಬದಲಾವಣೆ ಸಾಮಾನ್ಯ. ಅದೊಂದೇ ಇದ್ದರೆ ತೊಂದರೆ ಇಲ್ಲ. ಅದು ಬೀಟಾ ಥಲಸ್ಸೇಮಿಯಾ ಜೀನ್ ಜೊತೆ ಒಂದೇ ಮಗುವಿನಲ್ಲಿ ಸೇರಿದರೆ ಆ ಮಗುವಿಗೂ ರಕ್ತ ಏರಿಸುವ ಸ್ಥಿತಿ ಬರಬಹುದು. ಇಂಥ ತಾಲ್ಲೂಕಿನಲ್ಲಿ ಕೂತ ಡಾಕ್ಟರ್ "ನೀವು ಯಾವ ಮಂದಿ" ಎಂದು ಕೇಳಿದರೆ ತಪ್ಪಲ್ಲ. ಉತ್ತರ ಏನೇ ಬರಲಿ, ರಕ್ತವನ್ನು ಪರೀಕ್ಷೆಗೆ ಕಳಿಸಬೇಕು.

ಅದಕ್ಕೆ ಬೆಟ್ಟದಷ್ಟು ಖರ್ಚೂ ಇಲ್ಲ. ಕೇಂದ್ರದ ರಾಷ್ಟ್ರೀಯ ಆರೋಗ್ಯ ಅಭಿಯಾನ 2016ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ನೆಸ್ಟ್ರಾಫ್ಟ್ ಎಂಬ ಪರೀಕ್ಷೆ ಇದೆ. ಒಂದು ಗಾಜಿನ ಕೊಳವೆ, ತೆಳು ಉಪ್ಪುನೀರು, ಒಂದು ಹನಿ ರಕ್ತ. ಸ್ವಲ್ಪ ಹೊತ್ತು ಬಿಟ್ಟು ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಹಾಳೆ ಹಿಡಿಯಬೇಕು. ಗೆರೆ ಸ್ಪಷ್ಟ ಕಂಡರೆ ಸರಿ. ಮಸುಕಾದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಇದಕ್ಕೆ ಬೇಕಾದ ಕೊಳವೆಗಳಿವೆ.

ಆದ್ದರಿಂದ ನನ್ನ ಮೊದಲ ಬೇಡಿಕೆ: ಮೂರೂ ಜಿಲ್ಲೆಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಜಾತಿ ನೋಡದೆ, ಪ್ರತಿ ಗರ್ಭಿಣಿಗೂ ತಾಯಿ ಕಾರ್ಡ್ ಮಾಡಿಸುವ ದಿನವೇ ಈ ಪರೀಕ್ಷೆ ಆಗಲಿ. ಅನುಮಾನ ಬಂದವರಿಗೆ ಮತ್ತು ಅವರ ಗಂಡಂದಿರಿಗೆ, ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೇ ಉಚಿತವಾಗಿ ಸಿಗಲಿ. ಗರ್ಭದ ಪರೀಕ್ಷೆ ಮೂರನೇ ತಿಂಗಳ ಹೊತ್ತಿಗೆ ಆಗಬೇಕು. ತಂಗಿ ಎರಡನೇ ಸಲ ಬಸುರಿಯಾದಾಗ ಅದಕ್ಕಾಗಿ ಬೆಂಗಳೂರಿಗೆ ಹೋಗಿ ಆರು ದಿನ ಲಾಡ್ಜಿನಲ್ಲಿ ಇದ್ದೆವು. ಅಳಿಯ ಭತ್ತದ ಕಟಾವು ಬಿಟ್ಟು ಬಂದಿದ್ದ. ಎರಡನೇ ಮಗು ಜೀನ್ ಹೊತ್ತಿದೆ, ಕಾಯಿಲೆ ಇಲ್ಲ. ನಾಲ್ಕು ಮನೆಯ ಆ ಚೌಕದಲ್ಲಿ ಅವನಿಗೆ ಒಳ್ಳೆಯ ಮನೆ ಸಿಕ್ಕಿತು. ಎಲ್ಲರಿಗೂ ಬೆಂಗಳೂರಿಗೆ ಹೋಗುವ ಶಕ್ತಿ ಇರುವುದಿಲ್ಲ.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಉಮ್ಮೀದ್ ಎಂಬ ಯೋಜನೆ ಶುರು ಮಾಡಿ, ಆನುವಂಶಿಕ ಕಾಯಿಲೆಗಳಿಗೆ ಗರ್ಭಿಣಿಯರು ಮತ್ತು ನವಜಾತ ಶಿಶುಗಳ ತಪಾಸಣೆಗೆ ಕೆಲವು ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು (ಹಿಂದುಳಿದಿವೆ ಎಂದು ಕೇಂದ್ರ ಗುರುತಿಸಿದವು) ಆರಿಸಿತು. ಕರ್ನಾಟಕದಿಂದ ಯಾದಗಿರಿ ಸೇರಿತು. ರಾಯಚೂರು ಕೂಡ ಮಹತ್ವಾಕಾಂಕ್ಷೆಯ ಜಿಲ್ಲೆಯೇ, ಯಾದಗಿರಿಯ ಗಡಿಗೆ ಅಂಟಿಕೊಂಡಿದೆ. ಯಾದಗಿರಿಯಲ್ಲಿ ಕಲಿತದ್ದನ್ನು ಇಲ್ಲಿಗೆ ತರಲು ಮಂಡಳಿ ಹಣ ಕೊಡಬಹುದು. ಸಂವಿಧಾನದ 371(ಜೆ) ವಿಧಿ ಬಂದಿದ್ದೇ ಈ ಭಾಗ ಹಿಂದೆ ಉಳಿಯಬಾರದು ಎಂದು ಅಲ್ವಾ? ರಾಯಚೂರಿನ ಜನ ಏಮ್ಸ್‌ಗಾಗಿ 2022ರಿಂದ ಧರಣಿ ಕೂತದ್ದೂ ಇಂಥ ಸಂಕಟಗಳಿಂದಲೇ.

ಎರಡನೆಯದು, ಸಲಹೆ ಕೊಡುವವರು ಬೇಕು. ಮೂರೂ ಕಾಲೇಜುಗಳಲ್ಲಿ ತಲಾ ಒಬ್ಬರಾದರೂ ಆನುವಂಶಿಕ ಸಲಹೆಗಾರರನ್ನು ನೇಮಿಸಿ. ಅವರು ನಮ್ಮ ಮಾತಿನಲ್ಲಿ ಹೇಳಬೇಕು, ತೆಲುಗು, ಲಂಬಾಣಿ, ಉರ್ದು, ಬಂಗಾಳಿ ಮಾತಾಡುವವರಿಗೂ ತಲುಪಬೇಕು. ತಾಯಿಯನ್ನು ಬೈಯುವುದು ನಿಲ್ಲಬೇಕು. ಜೀನ್ ಎರಡೂ ಕಡೆಯಿಂದ ಬಂದಿರುತ್ತದೆ. ಬೈಗುಳ ಮಾತ್ರ ಒಂದೇ ಕಡೆಗೆ ಹೋಗುತ್ತದೆ.

ಮೂರನೆಯದು, ಈ ಭಾಗದ ಸಮುದಾಯಗಳನ್ನು ಮುಂದಿನ ಜೀನೋಮ್ ಅಧ್ಯಯನಗಳಿಗೆ ಸೇರಿಸಲು ರಾಜ್ಯ ಸರ್ಕಾರ ಕೇಳಬೇಕು. ಆದರೆ ರಕ್ತ ತೆಗೆದುಕೊಂಡು ಹೋಗಿ ಸುಮ್ಮನಾಗುವ ಅಧ್ಯಯನ ಬೇಡ. ಮೊದಲು ಸಮಾಜದ ಹಿರಿಯರು, ಹೆಣ್ಣುಮಕ್ಕಳು, ಕಾಯಿಲೆಯ ಮಕ್ಕಳ ತಂದೆತಾಯಿ ಕೂತು ಮಾತಾಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಓದಿ ಹೇಳಬೇಕು. ಒಬ್ಬೊಬ್ಬರ ಫಲಿತಾಂಶ ಅವರಿಗೆ ಮಾತ್ರ ಸಿಗಬೇಕು. ಸಮುದಾಯದ ಹೆಸರು ಪತ್ರಿಕೆಗೆ ಹೋಗುವ ಮುಂಚೆ ಆ ಸಮುದಾಯಕ್ಕೆ ವಿಷಯ ಗೊತ್ತಿರಬೇಕು.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣ ಇದೆ. ಅಳಿಯನ ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ. ಅವನಲ್ಲೂ ಜೀನ್ ಇರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸೋಣ ಎಂದು ನಾನು ಹೇಳಿದೆ. "ಸುದ್ದಿ ಹೊರಗ ಬಿದ್ದರ ನಮ್ಮ ಮನಿಗೆ ಯಾರು ಹೆಣ್ಣು ಕೊಡತಾರ ತಾಯಿ?" ಎಂದು ಅವರವ್ವ ಕೈ ಮುಗಿದರು. ಅವರ ಭಯ ಸುಳ್ಳಲ್ಲ. ಗುಟ್ಟು ಉಳಿಯುತ್ತದೆ ಎಂಬ ನಂಬಿಕೆಯನ್ನು ನಾನು ಅವರಿಗೆ ಕೊಡಲಾರೆ. ಸರ್ಕಾರ ಕೊಡಬಹುದು.

ಮದುವೆ ಬರುವ ವೈಶಾಖದಲ್ಲಿ ಎಂದು ಮಾತಾಗಿದೆ. ಅಷ್ಟರೊಳಗೆ ಸಿಂಧನೂರಿನಲ್ಲಿ ಯಾರ ಹೆಸರೂ ಬರೆಯದೆ, ಬರೀ ನಂಬರ್ ಮೇಲೆ ಈ ಪರೀಕ್ಷೆ ಸಿಗುವಂತಾದರೆ, ಆ ಹುಡುಗನನ್ನು ನಾನೇ ಕೈ ಹಿಡಿದು ಕರೆತರುತ್ತೇನೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ